ಮನೆಗೆ ಬಂದ ಪ್ರಿಂಟರ್: ಪೆಟ್ಟಿಗೆ ಬಿಚ್ಚುವುದರಿಂದ ಮೊದಲ ಹಾಳೆಯವರೆಗೆ



ಕೆಲವು ತಿಂಗಳ ಹಿಂದೆ ನಾವು ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಉಳಿತಾಯ ಕಟ್ಟಿ, ಸಾಲದ ಕಂತು ವಸೂಲಾಗಿ, ನಿರ್ಣಯ ಪುಸ್ತಕಕ್ಕೆ ಸಹಿ ಹಾಕುವ ಹೊತ್ತು. ಆಗ ಒಬ್ಬ ಸದಸ್ಯೆ ಮೆಲ್ಲಗೆ ಹೇಳಿದರು: “ಸಂಘದಿಂದ ಸಾಲ ತಗೊಂಡು ಪ್ರಿಂಟರ್ ತಂದು ಎರಡು ತಿಂಗಳಾಯ್ತು. ಪೆಟ್ಟಿಗೆ ಇನ್ನೂ ಬೀರುವಿನ ಮೇಲೇ ಇದೆ. ಬಿಚ್ಚೋಕೇ ಹೆದರಿಕೆ. ಹಾಳಾದ್ರೆ ಯಾರು ಹೊಣೆ? ಹಬ್ಬಕ್ಕೆ ಮಗ ಬರ್ತಾನಲ್ಲ, ಅವನೇ ಮಾಡಿಕೊಡ್ಲಿ ಅಂತ ಕಾಯ್ತಾ ಇದ್ದೇನೆ.”

ಕೆಲವರು ನಕ್ಕರು. ಅಷ್ಟರಲ್ಲಿ ಲೆಕ್ಕ ಬರೆಯುವ ಸದಸ್ಯೆ ಒಂದು ಮಾತು ಹೇಳಿದರು: “ಕಂತು ಓಡ್ತಾ ಇದೆ, ಮಿಷನ್ ಮಲಗಿದೆ.” ಆ ಮೇಲೆ ಯಾರೂ ನಗಲಿಲ್ಲ.

ಮುಂದಿನ ಶನಿವಾರ ನಾವು ಅವರ ಮನೆಗೆ ಹೋಗಿ ಜೊತೆಯಲ್ಲಿ ಕುಳಿತೆವು. ಯಂತ್ರವನ್ನು ನಾವು ಮುಟ್ಟಲಿಲ್ಲ. ಅವರೇ ಪೆಟ್ಟಿಗೆ ಬಿಚ್ಚಿದರು, ಅವರೇ ಇಂಕ್ ತುಂಬಿದರು, ಅವರೇ ಬಟನ್ ಒತ್ತಿದರು. ಒಂದೂವರೆ ಗಂಟೆಯಲ್ಲಿ ಮೊದಲ ಹಾಳೆ ಹೊರಗೆ ಬಂತು. ಆ ದಿನ ನಾವು ಕಂಡುಕೊಂಡದ್ದು ಇಷ್ಟು: ಪ್ರಿಂಟರ್ ಜೋಡಿಸಲು ದೊಡ್ಡ ಓದು ಬೇಡ. ಕ್ರಮ ಬೇಕು, ತಾಳ್ಮೆ ಬೇಕು. ಯಂತ್ರ ಹಾಳಾಗುವುದು, ಹಣ ಹೋಗುವುದು ಹೆಚ್ಚಾಗಿ ಅವಸರದಿಂದ, ಇಲ್ಲವೆ ಗುರುತಿಲ್ಲದವರನ್ನು ನಂಬುವುದರಿಂದ. ಈ ಕರಪತ್ರದಲ್ಲಿ ಆ ಕ್ರಮವನ್ನು ಒಂದೊಂದಾಗಿ ತಿಳಿದುಕೊಳ್ಳೋಣ.

ಕೊಳ್ಳುವ ಮೊದಲು ಹಾಳೆಯ ಲೆಕ್ಕ

ಸಾಲಕ್ಕೆ ಅರ್ಜಿ ಹಾಕುವ ಮೊದಲು ಯಾವ ಬಗೆಯ ಪ್ರಿಂಟರ್ ಎಂದು ತಿಳಿಯಬೇಕು. ಮನೆ ಬಳಕೆಗೆ ಸಿಗುವುದು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಕಾರ್ಟ್ರಿಜ್ ಇರುವ ಇಂಕ್‌ಜೆಟ್. ಯಂತ್ರದ ಬೆಲೆ ಕಡಿಮೆ. ಆದರೆ ಇಂಕ್ ಇರುವ ಸಣ್ಣ ಡಬ್ಬಿ ಬೇಗ ಖಾಲಿಯಾಗುತ್ತದೆ, ಮತ್ತೆ ಮತ್ತೆ ಹೊಸದು ಕೊಳ್ಳಬೇಕು.

ಎರಡನೆಯದು ಇಂಕ್ ಟ್ಯಾಂಕ್. ಇದರಲ್ಲಿ ಬಾಟಲಿಯಿಂದ ಇಂಕನ್ನು ನಾವೇ ತುಂಬುತ್ತೇವೆ. ಯಂತ್ರಕ್ಕೆ ಬೆಲೆ ಹೆಚ್ಚು, ಹಾಳೆಗೆ ಖರ್ಚು ಬಹಳ ಕಡಿಮೆ.

ಮೂರನೆಯದು ಲೇಸರ್. ಇದರಲ್ಲಿ ನೀರಿನಂಥ ಇಂಕ್ ಇಲ್ಲ. ಟೋನರ್ ಎಂಬ ನುಣ್ಣನೆಯ ಪುಡಿಯನ್ನು ಬಿಸಿ ಮಾಡಿ ಹಾಳೆಗೆ ಅಂಟಿಸುತ್ತದೆ. ಜೆರಾಕ್ಸ್ ಅಂಗಡಿಯ ಯಂತ್ರ ನಡೆಯುವುದೂ ಇದೇ ತತ್ವದಲ್ಲಿ. 1938ರಲ್ಲಿ ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಎಂಬವರು ಕಂಡುಹಿಡಿದ ವಿಧಾನ ಅದು. ಅಕ್ಷರ ಸ್ಪಷ್ಟ, ನೀರು ತಾಗಿದರೂ ಹರಡುವುದಿಲ್ಲ, ತಿಂಗಳುಗಟ್ಟಲೆ ಸುಮ್ಮನಿದ್ದರೂ ಒಣಗುವುದಿಲ್ಲ. ಆದರೆ ಕಡಿಮೆ ಬೆಲೆಯ ಲೇಸರ್ ಪ್ರಿಂಟರ್ ಕಪ್ಪು ಬಿಳುಪು ಮಾತ್ರ ಕೊಡುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಇಲ್ಲಿನ ಬೆಲೆ ಉದಾಹರಣೆಗೆ ಮಾತ್ರ. ನಿಮ್ಮ ಪೇಟೆಯ ಬೆಲೆ ಕೇಳಿ ನೀವೇ ಮತ್ತೆ ಲೆಕ್ಕ ಹಾಕಿಕೊಳ್ಳಿ.

ಒಂದು ಕಾರ್ಟ್ರಿಜ್‌ಗೆ 900 ರೂಪಾಯಿ, ಪೆಟ್ಟಿಗೆಯ ಮೇಲೆ 150 ಪುಟ ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಒಂದು ಪುಟಕ್ಕೆ ಇಂಕ್ ಖರ್ಚು 6 ರೂಪಾಯಿ. ಟ್ಯಾಂಕ್ ಪ್ರಿಂಟರಿನ ಕಪ್ಪು ಬಾಟಲಿಗೆ 400 ರೂಪಾಯಿ, 4,000 ಪುಟ ಎಂದಿದ್ದರೆ ಒಂದು ಪುಟಕ್ಕೆ 10 ಪೈಸೆ. 500 ಹಾಳೆಯ ಒಂದು ರೀಮಿಗೆ 300 ರೂಪಾಯಿ ಆದರೆ ಹಾಳೆಗೆ 60 ಪೈಸೆ. ನೆರೆಹೊರೆಯವರಿಗೆ ಹಾಳೆಗೆ 5 ರೂಪಾಯಿಯಂತೆ ಪ್ರಿಂಟ್ ಹಾಕಿಕೊಟ್ಟರೆ, ಕಾರ್ಟ್ರಿಜ್ ಯಂತ್ರದಲ್ಲಿ ಪ್ರತಿ ಹಾಳೆಗೆ 1 ರೂಪಾಯಿ 60 ಪೈಸೆ ನಷ್ಟ. ಟ್ಯಾಂಕ್ ಯಂತ್ರದಲ್ಲಿ ಕರೆಂಟು, ಹಾಳಾದ ಹಾಳೆ ಎಲ್ಲ ಸೇರಿಸಿ 1 ರೂಪಾಯಿ ಖರ್ಚು ಎಂದರೂ 4 ರೂಪಾಯಿ ಉಳಿಯುತ್ತದೆ. ಯಂತ್ರ ಅಗ್ಗ ಎಂದು ತಂದವರು ಇಂಕಿನಲ್ಲಿ ಸೋಲುವುದು ಹೀಗೆ.

ಪೆಟ್ಟಿಗೆಯ ಮೇಲಿನ ಪುಟದ ಲೆಕ್ಕ ಹಾಳೆಯಲ್ಲಿ ಸ್ವಲ್ಪವೇ ಅಕ್ಷರ ಇರುವ ಪುಟಕ್ಕೆ ಎಂಬುದನ್ನೂ ಮರೆಯಬಾರದು. ಫೋಟೋ, ಬಣ್ಣದ ಆಮಂತ್ರಣ ಹಾಕಿದರೆ ಇಂಕ್ ಹಲವು ಪಟ್ಟು ಹೋಗುತ್ತದೆ.

ಇನ್ನು ಸಾಲದ ಲೆಕ್ಕ. 15,000 ರೂಪಾಯಿಯ ಆಂತರಿಕ ಸಾಲ, ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿ, 12 ಕಂತು ಎಂದಿಟ್ಟುಕೊಳ್ಳಿ. ಅಸಲು ತಿಂಗಳಿಗೆ 1,250 ರೂಪಾಯಿ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ವರ್ಷದ ಬಡ್ಡಿ 975 ರೂಪಾಯಿ. ಒಟ್ಟು 15,975. ತಿಂಗಳಿಗೆ ಸರಾಸರಿ 1,331 ರೂಪಾಯಿ. ಹಾಳೆಗೆ 4 ರೂಪಾಯಿ ಉಳಿದರೆ ಕಂತು ಹುಟ್ಟಲು ತಿಂಗಳಿಗೆ ಸುಮಾರು 333 ಹಾಳೆ ಬೇಕು. 25 ದಿನದ ಕೆಲಸ ಎಂದರೆ ದಿನಕ್ಕೆ 13ರಿಂದ 14 ಹಾಳೆ.

ನಿಮ್ಮ ಮನೆಯ ಸುತ್ತ ಅಷ್ಟು ಕೆಲಸ ಸಿಗುತ್ತದೆಯೇ? ಹತ್ತಿರದಲ್ಲಿ ಶಾಲೆ, ಪಂಚಾಯಿತಿ, ಹಾಲಿನ ಡೇರಿ ಇದೆಯೇ? ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ಇದೆಯೇ? ಇದನ್ನು ಸಾಲ ಕೇಳುವ ಮೊದಲು ಸಂಘದಲ್ಲಿ ಕುಳಿತು ಮಾತಾಡಬೇಕು. ಕೆಲಸ ಸಿಗುವುದು ಅನುಮಾನ ಎನಿಸಿದರೆ ಒಬ್ಬರು ಕೊಳ್ಳುವ ಬದಲು ಎರಡು ಮೂರು ಸಂಘ ಸೇರಿ ಒಂದು ಯಂತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ಅಂಗಡಿಯಲ್ಲಿ ಕೇಳಬೇಕಾದ ನಾಲ್ಕು ಮಾತು

1. ನಮ್ಮ ಮನೆಯ ಕಂಪ್ಯೂಟರಿಗೆ ಇದು ಹೊಂದುತ್ತದೆಯೇ? ನಿಮ್ಮಲ್ಲಿರುವುದು ವಿಂಡೋಸ್ 7, ವಿಂಡೋಸ್ 10, ವಿಂಡೋಸ್ 11 ಇವುಗಳಲ್ಲಿ ಯಾವುದು ಎಂದು ಮನೆಯಲ್ಲೇ ನೋಡಿ ಬರೆದುಕೊಂಡು ಹೋಗಿ. ಯಾವ ವಿಂಡೋಸಿಗೆ ಆಗುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2020ರ ಜನವರಿಯಲ್ಲೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲೂ ಮುಗಿಯಿತು. ತೀರಾ ಹಳೆಯ ಕಂಪ್ಯೂಟರಿಗೆ ಹೊಸ ಪ್ರಿಂಟರ್ ಹೊಂದದೆ ಹೋಗಬಹುದು.

2. ಯುಎಸ್‌ಬಿ ವೈರ್ ಪೆಟ್ಟಿಗೆಯೊಳಗೆ ಇದೆಯೇ? ಕೆಲವು ಕಂಪನಿಯವರು ಕೊಡುವುದಿಲ್ಲ. ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ಚೌಕ ಇರುವ ವೈರ್ ಬೇಕು.

3. ಇಂಕ್ ನಮ್ಮ ತಾಲೂಕು ಪೇಟೆಯಲ್ಲೇ ಸಿಗುತ್ತದೆಯೇ? ರಿಪೇರಿ ಕೇಂದ್ರ ಎಲ್ಲಿದೆ?

4. ಸ್ಕ್ಯಾನ್, ಜೆರಾಕ್ಸ್ ಕೂಡ ಇದರಲ್ಲಿ ಆಗುತ್ತದೆಯೇ? ಹಳ್ಳಿಯಲ್ಲಿ ಜನ ಹೆಚ್ಚಾಗಿ ಕೇಳುವುದು ಇದನ್ನೇ.

ಬಿಲ್ ನಿಮ್ಮ ಹೆಸರಿನಲ್ಲೇ ಇರಲಿ. ಅಂಗಡಿಯ ಸೀಲು, ದಿನಾಂಕ, ಯಂತ್ರದ ಸೀರಿಯಲ್ ನಂಬರ್ ನೋಡಿಕೊಂಡು ವಾರಂಟಿ ಕಾಗದದ ಜೊತೆ ಪಾಸ್‌ಬುಕ್ ಇಡುವ ಚೀಲದಲ್ಲಿ ಇಡಿ.

ಬಿಚ್ಚುವ ಮೊದಲು ಜಾಗ ಮತ್ತು ಕರೆಂಟು

ಪ್ರಿಂಟರಿಗೆ ಗಟ್ಟಿಯಾದ, ಸಮತಟ್ಟಾದ ಮೇಜು ಬೇಕು. ಕಿಟಕಿಯ ಬಿಸಿಲು, ಒಲೆಯ ಹೊಗೆ, ಮಳೆಯ ಎರಚಲು ಬೀಳದ ಜಾಗ ನೋಡಿ. ಹಾಳೆ ಹೊರಗೆ ಬರಲು ಮುಂದೆ ಸ್ವಲ್ಪ ಜಾಗ ಬಿಡಿ. ಮೂರು ಪಿನ್ನಿನ ಪ್ಲಗ್ಗನ್ನು ಅರ್ತ್ ಇರುವ ಸಾಕೆಟ್ಟಿಗೇ ಹಾಕಿ. ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್ಸಿಗೆ ಜೋಡಿಸಬೇಡಿ. ಪುಡಿಯನ್ನು ಕಾಯಿಸುವಾಗ ಅದು ಒಮ್ಮೆಗೇ ಹೆಚ್ಚು ಕರೆಂಟು ಎಳೆಯುತ್ತದೆ, ಯುಪಿಎಸ್ ತಡೆಯುವುದಿಲ್ಲ.

ಕರೆಂಟು ಹೋಗಿ ಬರುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಮೊದಲ ಸಲ ಇಂಕ್ ಒಳಗೆ ಹರಿಯುವಾಗ ಯಂತ್ರ ಆಫ್ ಆಗಬಾರದು. ಅಡುಗೆ ಕೆಲಸ ಮುಗಿಸಿ, ಎರಡು ಗಂಟೆ ಬಿಡುವು ಇಟ್ಟುಕೊಂಡೇ ಕುಳಿತುಕೊಳ್ಳಿ.

ಜೋಡಿಸುವ ಕ್ರಮ

ಒಂದನೇ ಹಂತ: ಪೆಟ್ಟಿಗೆ ಬಿಚ್ಚುವುದು. ಒಳಗಿರುವ ಎಲ್ಲವನ್ನೂ ಒಂದು ಚಾಪೆಯ ಮೇಲೆ ಜೋಡಿಸಿಡಿ. ಯಂತ್ರ, ಕರೆಂಟಿನ ವೈರ್, ಇಂಕ್ ಬಾಟಲಿ, ಮಾಹಿತಿ ಹಾಳೆ. ಯಂತ್ರದ ಮೇಲೆ, ಮುಚ್ಚಳದ ಒಳಗೆ ಬಣ್ಣದ ಟೇಪು ಅಂಟಿಸಿರುತ್ತಾರೆ. ಸಾಗಿಸುವಾಗ ಭಾಗಗಳು ಅಲುಗಾಡದಿರಲಿ ಎಂದು ಅದನ್ನು ಹಾಕಿರುತ್ತಾರೆ. ಮುಚ್ಚಳ ಎತ್ತಿ ಒಂದೊಂದನ್ನೂ ಹುಡುಕಿ ತೆಗೆಯಿರಿ. ಒಂದು ಟೇಪು ಒಳಗೇ ಉಳಿದರೂ ಯಂತ್ರ ಕಟಕಟ ಸದ್ದು ಮಾಡಿ ನಿಲ್ಲುತ್ತದೆ, ನಾವು “ಹಾಳಾಯ್ತು” ಎಂದು ಹೆದರುತ್ತೇವೆ. ಖಾಲಿ ಪೆಟ್ಟಿಗೆ, ಥರ್ಮಾಕೋಲು ಎಸೆಯಬೇಡಿ. ರಿಪೇರಿಗೆ ಒಯ್ಯಲು ಬೇಕಾಗುತ್ತದೆ.

ಎರಡನೇ ಹಂತ: ಇಂಕ್ ತುಂಬುವುದು. ಕೆಳಗೆ ಹಳೆಯ ಪತ್ರಿಕೆ ಹಾಸಿ. ಟ್ಯಾಂಕಿನ ಮೇಲೆ ಯಾವ ಬಣ್ಣ ಎಂದು ಗುರುತು ಇರುತ್ತದೆ. ಕಪ್ಪು, ನೀಲಿ, ಕೆನ್ನೀಲಿ ಬೆರೆತ ಗುಲಾಬಿ, ಹಳದಿ ಹೀಗೆ ನಾಲ್ಕು. ಒಂದು ಬಾಟಲಿ ತೆರೆದು, ತುಂಬಿ, ಟ್ಯಾಂಕಿನ ಮುಚ್ಚಳ ಹಾಕಿದ ಮೇಲೆಯೇ ಮುಂದಿನ ಬಾಟಲಿ ಮುಟ್ಟಿ. ನಾಲ್ಕನ್ನೂ ಒಟ್ಟಿಗೆ ತೆರೆದಿಟ್ಟರೆ ಅದಲುಬದಲು ಆಗುತ್ತದೆ. ಮೇಲಿನ ಗೆರೆ ದಾಟಿಸಬೇಡಿ. ಮಕ್ಕಳು ಹತ್ತಿರ ಬಾರದಿರಲಿ. ಇಂಕ್ ತುಂಬಿದ ಮೇಲೆ ಯಂತ್ರವನ್ನು ಓರೆ ಮಾಡಬಾರದು, ಮಗುಚಬಾರದು.

ಮೂರನೇ ಹಂತ: ಕರೆಂಟು ಕೊಡುವುದು. ಪ್ಲಗ್ ಹಾಕಿ, ಯಂತ್ರದ ಬಟನ್ ಒತ್ತಿ. ಮಾಹಿತಿ ಹಾಳೆಯಲ್ಲಿ ಹೇಳಿದ ಹಾಗೆ ಇಂಕ್ ಹರಿಸುವ ಬಟನ್ ಒತ್ತಿ ಹಿಡಿಯಿರಿ. ದೀಪ ಮಿನುಗತೊಡಗುತ್ತದೆ, ಒಳಗಿಂದ ಸದ್ದು ಬರುತ್ತದೆ. ಇದಕ್ಕೆ 10ರಿಂದ 20 ನಿಮಿಷ ಬೇಕಾಗಬಹುದು. ಈ ಹೊತ್ತಿನಲ್ಲಿ ಮುಚ್ಚಳ ತೆರೆಯುವುದು, ಬಟನ್ ಒತ್ತುವುದು ಬೇಡ. ಒಂದು ಲೋಟ ಕಾಫಿ ಕುಡಿದು ಬನ್ನಿ. ಟ್ಯಾಂಕಿನ ಇಂಕ್ ಸ್ವಲ್ಪ ಇಳಿದಿರುತ್ತದೆ. ಕೊಳವೆಯೊಳಗೆ ತುಂಬಿಕೊಂಡದ್ದು ಅದು, ಸೋರಿದ್ದಲ್ಲ.

ನಾಲ್ಕನೇ ಹಂತ: ಹಾಳೆ ಇಡುವುದು. ಮನೆ ಬಳಕೆಗೆ ಎ4 ಅಳತೆಯ, 75 ಅಥವಾ 80 ಜಿಎಸ್ಎಂ ಹಾಳೆ ಸಾಕು. ಎ4 ಎಂದರೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಇಪ್ಪತ್ತು ಮೂವತ್ತು ಹಾಳೆ ತೆಗೆದುಕೊಂಡು ಇಸ್ಪೀಟು ಎಲೆಯಂತೆ ಅಂಚು ಬಿಡಿಸಿ, ಮೇಜಿಗೆ ತಟ್ಟಿ ಸಮ ಮಾಡಿ ಟ್ರೇಗೆ ಇಡಿ. ಪಕ್ಕದ ಪಟ್ಟಿಯನ್ನು ಹಾಳೆಗೆ ತಾಗುವಷ್ಟು ಮಾತ್ರ ಸರಿಸಿ, ಒತ್ತಬೇಡಿ.

ಐದನೇ ಹಂತ: ಕಂಪ್ಯೂಟರಿಗೆ ಪರಿಚಯ ಮಾಡಿಸುವುದು. ಕಂಪ್ಯೂಟರಿನ ಭಾಷೆ ಪ್ರಿಂಟರಿಗೆ ತಿಳಿಯದು. ನಡುವೆ ಒಬ್ಬ ದುಭಾಷಿ ಬೇಕು. ಅದಕ್ಕೆ ಡ್ರೈವರ್ ಎನ್ನುತ್ತಾರೆ. ಡ್ರೈವರ್ ಎಂದರೆ ಒಂದು ಸಣ್ಣ ಸಾಫ್ಟ್‌ವೇರ್. ಇಲ್ಲೇ ಹೆಚ್ಚಿನವರು ಅವಸರ ಮಾಡುವುದು. ಯಂತ್ರ ಕಂಡ ಕೂಡಲೇ ವೈರ್ ಚುಚ್ಚಿಬಿಡುತ್ತಾರೆ. ಮೊದಲು ಮಾಹಿತಿ ಹಾಳೆ ನೋಡಿ. “ಸಾಫ್ಟ್‌ವೇರ್ ಹಾಕುವಾಗ ಹೇಳುವವರೆಗೆ ವೈರ್ ಜೋಡಿಸಬೇಡಿ” ಎಂದು ಬರೆದಿದ್ದರೆ ಹಾಗೆಯೇ ಮಾಡಿ.

ಇತ್ತೀಚೆಗೆ ಪೆಟ್ಟಿಗೆಯಲ್ಲಿ ಸಿಡಿ ಇರುವುದು ಕಡಿಮೆ. ಇದ್ದರೂ ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇರುವುದಿಲ್ಲ. ಮಾಹಿತಿ ಹಾಳೆಯಲ್ಲಿ ಕಂಪನಿಯ ವೆಬ್‌ಸೈಟಿನ ವಿಳಾಸ ಅಚ್ಚು ಹಾಕಿರುತ್ತಾರೆ. ಅದನ್ನೇ ಅಕ್ಷರ ಬಿಡದೆ ಮೇಲಿನ ಪಟ್ಟಿಯಲ್ಲಿ ಟೈಪ್ ಮಾಡಿ. ನಿಮ್ಮ ಯಂತ್ರದ ಮಾಡೆಲ್ ನಂಬರ್ ಹಾಕಿ ಸಾಫ್ಟ್‌ವೇರ್ ಇಳಿಸಿಕೊಳ್ಳಿ. ಅದನ್ನು ತೆರೆದರೆ ಒಂದೊಂದು ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಓದಿ, ‘ನೆಕ್ಸ್ಟ್’ ಒತ್ತಿ. ವೈರ್ ಜೋಡಿಸಿ ಎಂದಾಗ ಚೌಕ ತುದಿಯನ್ನು ಪ್ರಿಂಟರಿಗೆ, ಚಪ್ಪಟೆ ತುದಿಯನ್ನು ಕಂಪ್ಯೂಟರಿಗೆ ಹಾಕಿ.

ಮನೆಯಲ್ಲಿ ಇಂಟರ್ನೆಟ್ ಇದ್ದು, ಕಂಪ್ಯೂಟರ್ ವಿಂಡೋಸ್ 10 ಅಥವಾ 11 ಆಗಿದ್ದರೆ, ಎಷ್ಟೋ ಸಲ ವೈರ್ ಜೋಡಿಸಿದ ಕೂಡಲೇ ಅದೇ ಡ್ರೈವರ್ ಹುಡುಕಿಕೊಳ್ಳುತ್ತದೆ. ಆಯಿತೋ ಇಲ್ಲವೋ ನೋಡಲು ‘ಸ್ಟಾರ್ಟ್’ ಒತ್ತಿ, ‘ಸೆಟ್ಟಿಂಗ್ಸ್’ಗೆ ಹೋಗಿ. ವಿಂಡೋಸ್ 11ರಲ್ಲಿ ‘ಬ್ಲೂಟೂತ್ ಅಂಡ್ ಡಿವೈಸಸ್’, ವಿಂಡೋಸ್ 10ರಲ್ಲಿ ‘ಡಿವೈಸಸ್’ ಎಂದಿರುತ್ತದೆ. ಅದರೊಳಗೆ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’. ನಿಮ್ಮ ಪ್ರಿಂಟರಿನ ಹೆಸರು ಅಲ್ಲಿ ಕಾಣಬೇಕು. ಕಾಣದಿದ್ದರೆ ಅಲ್ಲೇ ಇರುವ ‘ಆಡ್’ ಒತ್ತಿ ಸ್ವಲ್ಪ ಕಾಯಿರಿ.

ವೈಫೈ ಇರುವ ಪ್ರಿಂಟರ್ ಆದರೆ ವೈರ್ ಇಲ್ಲದೆಯೂ ಜೋಡಿಸಬಹುದು. ಆದರೆ ಕಡಿಮೆ ಬೆಲೆಯ ಹಲವು ಪ್ರಿಂಟರುಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ಮನೆಯ ರೂಟರಿನಲ್ಲಿ 5 ಎಂದು ಬರೆದ ಇನ್ನೊಂದು ಹೆಸರೂ ಕಾಣುತ್ತಿದ್ದರೆ ಅದನ್ನು ಬಿಟ್ಟು ಮೊದಲನೆಯದನ್ನು ಆರಿಸಿ. ಮೊದಲ ಸಲಕ್ಕೆ ವೈರ್ ಜೋಡಿಸುವುದೇ ಸುಲಭ ಎಂದು ನಮ್ಮ ಅನುಭವ.

ಆರನೇ ಹಂತ: ಪರೀಕ್ಷೆಯ ಹಾಳೆ. ಪ್ರಿಂಟರಿನ ಹೆಸರಿನ ಮೇಲೆ ಒತ್ತಿದರೆ ‘ಪ್ರಿಂಟ್ ಟೆಸ್ಟ್ ಪೇಜ್’ ಎಂಬುದು ಸಿಗುತ್ತದೆ. ಒತ್ತಿ. ಹಾಳೆ ಬಂತೇ? ಅಷ್ಟೇ, ಕೆಲಸ ಆಯಿತು!

ಏಳನೇ ಹಂತ: ಹಾಳೆಯ ಅಳತೆ ಸರಿಪಡಿಸುವುದು. ಇದನ್ನು ಎಲ್ಲರೂ ಮರೆಯುತ್ತಾರೆ. ಕೆಲವು ಕಂಪ್ಯೂಟರಿನಲ್ಲಿ ಹಾಳೆಯ ಅಳತೆ ‘ಲೆಟರ್’ ಎಂದಿರುತ್ತದೆ. ಅದು ಅಮೆರಿಕದ ಅಳತೆ, ಎ4ಗಿಂತ ಸ್ವಲ್ಪ ಅಗಲ, ಗಿಡ್ಡ. ಹಾಗೇ ಬಿಟ್ಟರೆ ಅರ್ಜಿಯ ಕೆಳಗಿನ ಸಾಲು ತಪ್ಪುತ್ತದೆ, ಇಲ್ಲವೆ ಪ್ರಿಂಟರ್ ಹಾಳೆ ಇಲ್ಲ ಎಂದು ನಿಲ್ಲುತ್ತದೆ. ‘ಪ್ರಿಂಟಿಂಗ್ ಪ್ರಿಫರೆನ್ಸಸ್’ ಎಂಬಲ್ಲಿ ಹೋಗಿ ‘ಎ4’ ಎಂದು ಬದಲಿಸಿ. ಅಲ್ಲೇ ‘ಡ್ರಾಫ್ಟ್’, ‘ಗ್ರೇಸ್ಕೇಲ್’ ಎಂಬ ಆಯ್ಕೆಗಳೂ ಇವೆ. ಮನೆಯಲ್ಲಿ ನೋಡಿಕೊಳ್ಳುವ ಲೆಕ್ಕಪತ್ರಕ್ಕೆ ಇವನ್ನು ಹಾಕಿದರೆ ಇಂಕ್ ಉಳಿಯುತ್ತದೆ.

ಎಚ್ಚರ! ಸಹಾಯ ಮಾಡ್ತೇವೆ ಎನ್ನುವ ಫೋನು

ಇನ್ನೊಂದು ಸಂಘದ ಸದಸ್ಯೆಯೊಬ್ಬರ ಮನೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ಪ್ರಿಂಟರ್ ಜೋಡಿಸುವಾಗ ಎಲ್ಲೋ ನಿಂತುಹೋಯಿತು. ಮೊಬೈಲಿನಲ್ಲಿ ‘ಪ್ರಿಂಟರ್ ಕಸ್ಟಮರ್ ಕೇರ್’ ಎಂದು ಹುಡುಕಿದರು. ಮೊದಲು ಕಂಡ ನಂಬರಿಗೆ ಫೋನ್ ಮಾಡಿದರು. ಆ ಕಡೆಯವನು ತುಂಬ ಮರ್ಯಾದೆಯಿಂದ ಮಾತಾಡಿದ. ಒಂದು ಆ್ಯಪ್ ಹಾಕಿಕೊಳ್ಳಿ, ನಾನು ಇಲ್ಲಿಂದಲೇ ಸರಿ ಮಾಡ್ತೇನೆ ಎಂದ. ನೋಂದಣಿಗೆ 10 ರೂಪಾಯಿ ಕಳಿಸಿ ಎಂದ. ಹತ್ತೇ ರೂಪಾಯಿ ತಾನೇ ಎಂದು ಕಳಿಸಿದರು. ಪಿನ್ ಒತ್ತಿದ್ದು ಅವನಿಗೆ ಕಾಣುತ್ತಿತ್ತು. ಅರ್ಧ ಗಂಟೆಯಲ್ಲಿ ಖಾತೆಯಲ್ಲಿದ್ದ 18,000 ರೂಪಾಯಿ ಹೋಯಿತು. ಅದು ಮಗಳ ಹಾಸ್ಟೆಲ್ ಫೀಸಿಗೆಂದು ತೆಗೆದಿಟ್ಟ ಹಣ. ಎರಡು ವಾರ ಅವರು ಸಭೆಗೇ ಬರಲಿಲ್ಲ.

ತಪ್ಪು ಅವರದ್ದಲ್ಲ, ಮೋಸ ಮಾಡಿದವನದ್ದು. ಆದರೂ ನಾವು ಕೆಲವು ಮಾತು ನೆನಪಿಡೋಣ:

- ಕಂಪನಿಯ ನಂಬರನ್ನು ಪೆಟ್ಟಿಗೆ ಅಥವಾ ವಾರಂಟಿ ಕಾಗದ ನೋಡಿಯೇ ತೆಗೆದುಕೊಳ್ಳಿ. ಹುಡುಕಿದಾಗ ಮೊದಲು ಬಂದದ್ದು ನಿಜ ಎಂದೇನಿಲ್ಲ.
- ನಮ್ಮ ಪರದೆಯನ್ನು ಅವರು ನೋಡುವಂಥ ಆ್ಯಪನ್ನು ಫೋನಿಗೆ ಹಾಕಿಸಿಕೊಳ್ಳಬೇಡಿ. ಬ್ಯಾಂಕು, ಹಣ ಕಳಿಸುವ ಆ್ಯಪ್ ಇರುವುದು ಅದೇ ಫೋನಿನಲ್ಲಿ.
- ಡ್ರೈವರಿಗೆ ಹಣ ಕೊಡಬೇಕಾಗಿಲ್ಲ. ಕಂಪನಿಯವರು ಉಚಿತವಾಗಿಯೇ ಕೊಡುತ್ತಾರೆ. ಹಣ ಕೇಳಿದರೆ ಫೋನ್ ಇಡಿ.
- ಒಟಿಪಿ, ಪಿನ್ ಯಾರಿಗೂ ಹೇಳಬೇಡಿ.
- ಹಣ ಹೋಗಿದ್ದೇ ಆದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930 ನಂಬರಿಗೆ ಫೋನ್ ಮಾಡಿ. ಅದು ಸೈಬರ್ ವಂಚನೆಗೆಂದೇ ಇರುವ ಸರ್ಕಾರದ ಸಹಾಯವಾಣಿ. ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಹಾಳೆ ಸರಿ ಬರದಿದ್ದರೆ

“ಎಷ್ಟು ಒತ್ತಿದರೂ ಬರ್ತಾ ಇಲ್ಲ!” ಹೀಗೆಂದು ಹತ್ತು ಸಲ ‘ಪ್ರಿಂಟ್’ ಒತ್ತುತ್ತೇವೆ. ಆಮೇಲೆ ತಟ್ಟನೆ ಹತ್ತು ಪ್ರತಿ ಬರುತ್ತದೆ. ಕಂಪ್ಯೂಟರ್ ಪ್ರತಿಯೊಂದು ಒತ್ತನ್ನೂ ಸರದಿಯಲ್ಲಿ ಇಡುತ್ತದೆ, ರೇಷನ್ ಅಂಗಡಿಯ ಸಾಲಿನ ಹಾಗೆ. ಮುಂದಿನದು ಸಿಕ್ಕಿಹಾಕಿಕೊಂಡರೆ ಹಿಂದಿನವೆಲ್ಲ ಕಾಯುತ್ತವೆ. ಪ್ರಿಂಟರಿನ ಹೆಸರಿನ ಮೇಲೆ ಒತ್ತಿ ‘ಓಪನ್ ಕ್ಯೂ’ ತೆರೆದು, ನಿಂತಿರುವುದನ್ನು ‘ಕ್ಯಾನ್ಸಲ್’ ಮಾಡಿ. ಆಗಲೂ ಹೋಗದಿದ್ದರೆ ಎರಡೂ ಯಂತ್ರ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಮೊದಲು ಪ್ರಿಂಟರ್, ಆಮೇಲೆ ಕಂಪ್ಯೂಟರ್ ಆನ್ ಮಾಡಿ.

‘ಆಫ್‌ಲೈನ್’ ಎಂದು ತೋರಿಸಿದರೆ ಪ್ರಿಂಟರ್ ಹಾಳಾಗಿದೆ ಎಂದಲ್ಲ. ಕಂಪ್ಯೂಟರಿಗೆ ಅದು ಕಾಣುತ್ತಿಲ್ಲ ಎಂದರ್ಥ. ಆನ್ ಇದೆಯೇ, ವೈರ್ ಸಡಿಲವಾಗಿದೆಯೇ, ವೈಫೈ ಹೋಗಿದೆಯೇ ನೋಡಿ.

ಕನ್ನಡ ಅಕ್ಷರದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ? ಇದು ಪ್ರಿಂಟರಿನ ತಪ್ಪಲ್ಲ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರವನ್ನು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹೀಗಾಗುತ್ತದೆ. ಕಳಿಸಿದವರಿಗೆ ಹೇಳಿ ಪಿಡಿಎಫ್ ಮಾಡಿ ಕಳಿಸಲು ಕೇಳಿ. ನೀವೇ ಟೈಪ್ ಮಾಡುವುದಾದರೆ ಯೂನಿಕೋಡಿನಲ್ಲಿ ಮಾಡಿ. ಹಾಗೆ ಬರೆದ ಕನ್ನಡ ಬೇರೆ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ.

ಅಕ್ಷರದ ನಡುವೆ ಬಿಳಿ ಗೆರೆ ಬಂದರೆ ಇಂಕ್ ಬರುವ ಸಣ್ಣ ರಂಧ್ರ ಕಟ್ಟಿಕೊಂಡಿದೆ. ಪ್ರಿಂಟರಿನ ಸಾಫ್ಟ್‌ವೇರಿನಲ್ಲಿ ‘ಹೆಡ್ ಕ್ಲೀನಿಂಗ್’ ಅಥವಾ ಅಂಥದೇ ಹೆಸರಿನ ಆಯ್ಕೆ ಇದೆ. ಒಂದೆರಡು ಸಲ ಮಾಡಿ. ಸುಮ್ಮಸುಮ್ಮನೆ ಮಾಡುತ್ತಲೇ ಇರಬೇಡಿ, ಪ್ರತಿ ಸಲವೂ ಇಂಕ್ ಖರ್ಚಾಗುತ್ತದೆ.

ಹಾಳೆ ಸಿಕ್ಕಿಹಾಕಿಕೊಂಡರೆ ಮೊದಲು ಆಫ್ ಮಾಡಿ. ಎರಡೂ ಕೈಯಿಂದ, ಹಾಳೆ ಹೋಗುವ ದಿಕ್ಕಿನಲ್ಲೇ, ನಿಧಾನವಾಗಿ ಎಳೆಯಿರಿ. ಹರಿದ ಚೂರು ಒಳಗೆ ಉಳಿದರೆ ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆದಕಬೇಡಿ. ಲೇಸರ್ ಆದರೆ ಒಳಗೆ ತುಂಬ ಬಿಸಿ ಇರುತ್ತದೆ, ತಣಿಯಲು ಬಿಡಿ.

ಮಳೆಗಾಲದ ಆರೈಕೆ

ನಮ್ಮ ಕರಾವಳಿ, ಮಲೆನಾಡಿನಲ್ಲಿ ಜೂನ್ ಬಂತೆಂದರೆ ಹಪ್ಪಳ ಮೆತ್ತಗಾಗುವ ಹಾಗೆ ಹಾಳೆಯೂ ಮೆತ್ತಗಾಗುತ್ತದೆ. ಥಂಡಿ ಹಿಡಿದ ಹಾಳೆ ಸುರುಟಿಕೊಂಡು ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಬೇಕಾದಷ್ಟೇ ಹಾಳೆ ಹೊರಗೆ ತೆಗೆದು, ಉಳಿದದ್ದನ್ನು ರೀಮಿನ ಕಾಗದದಲ್ಲೇ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ರಾತ್ರಿ ಟ್ರೇಯಲ್ಲಿ ಹಾಳೆ ಬಿಡಬೇಡಿ. ಗುಡುಗು ಸಿಡಿಲು ಶುರುವಾದರೆ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ದಿನಾ ಆಫ್ ಮಾಡುವಾಗ ಗೋಡೆಯ ಸ್ವಿಚ್ಚನ್ನು ಮೊದಲು ಒತ್ತಬೇಡಿ. ಯಂತ್ರದ ಬಟನ್ ಒತ್ತಿ, ಸದ್ದು ನಿಂತ ಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ. ಇಂಕ್‌ಜೆಟ್ ಯಂತ್ರ ಆಗ ತನ್ನ ಇಂಕಿನ ಬಾಯಿ ಮುಚ್ಚಿಕೊಂಡು ಮಲಗುತ್ತದೆ. ಇಲ್ಲದಿದ್ದರೆ ಇಂಕ್ ಒಣಗುತ್ತದೆ. ಕೆಲಸ ಇಲ್ಲದಿದ್ದರೂ ವಾರಕ್ಕೊಮ್ಮೆ ಒಂದು ಬಣ್ಣದ ಹಾಳೆ ತೆಗೆಯಿರಿ. ಇಂಕ್ ಟ್ಯಾಂಕಿನ ಕೆಳಗಿನ ಗೆರೆಗೆ ಇಳಿಯುವ ಮೊದಲೇ ತುಂಬಿ.

ಬೇರೆಯವರ ಕಾಗದ ಪತ್ರ ನಮ್ಮ ಕೈಯಲ್ಲಿ

ಪ್ರಿಂಟರ್ ಇದೆ ಎಂದು ಗೊತ್ತಾದರೆ ನೆರೆಯವರು ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆಯ ವರದಿ ತರುತ್ತಾರೆ. ಅದು ಅವರು ನಮ್ಮ ಮೇಲಿಟ್ಟ ನಂಬಿಕೆ. ಪ್ರಿಂಟ್ ಕೊಟ್ಟ ಮೇಲೆ ಅವರ ಎದುರೇ ಕಂಪ್ಯೂಟರಿನ ‘ಡೌನ್‌ಲೋಡ್ಸ್’ನಿಂದ, ವಾಟ್ಸ್ಆ್ಯಪಿನಿಂದ ಆ ಕಡತ ಅಳಿಸಿ. ‘ರಿಸೈಕಲ್ ಬಿನ್’ ಕೂಡ ಖಾಲಿ ಮಾಡಿ. ಕೆಟ್ಟುಹೋದ ಪ್ರತಿಯನ್ನು ಹರಿದು ಒಲೆಗೆ ಹಾಕಿ. ಆಧಾರ್ ಕಾಗದದಲ್ಲಿ ಮೀನು ಕಟ್ಟಿಕೊಡುವ ಹಾಗೆ ಆಗಬಾರದು.

ಆಧಾರ್ ಇಳಿಸಿಕೊಳ್ಳುವಾಗ ಮೊದಲ 8 ಅಂಕಿ ಮುಚ್ಚಿರುವ ‘ಮಾಸ್ಕ್ಡ್ ಆಧಾರ್’ ಕೂಡ ಸಿಗುತ್ತದೆ. ಪೂರ್ತಿ ನಂಬರ್ ಬೇಡದ ಕಡೆ ಅದನ್ನೇ ಕೊಡಲು ತಿಳಿಸಿ. ಯಾರ ಮನೆಯ ಕಾಗದದಲ್ಲಿ ಏನಿತ್ತು ಎಂಬುದು ನಮ್ಮ ಬಾಯಿಂದ ಹೊರಗೆ ಹೋಗಬಾರದು. ಸಂಘದಲ್ಲಿ ಯಾರಿಗೆ ಎಷ್ಟು ಸಾಲ ಎಂಬುದನ್ನು ಹೊರಗೆ ಹೇಳುತ್ತೇವೆಯೇ? ಇದೂ ಹಾಗೆಯೇ.

ಕೊನೆಯ ಮಾತು

ಮೊದಲು ಹೇಳಿದ ಆ ಸದಸ್ಯೆಯ ಮನೆಗೆ ಮತ್ತೆ ಬರೋಣ. ಪರೀಕ್ಷೆಯ ಹಾಳೆ ಬಂದ ಮೇಲೆ, “ಈಗ ಏನು ಪ್ರಿಂಟ್ ಮಾಡ್ತೀರಿ ಅಕ್ಕಾ?” ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, ಸಂಘದಿಂದ ತಾನು ತೆಗೆದುಕೊಂಡ ಸಾಲದ ಲೆಕ್ಕವನ್ನೇ ಟೈಪ್ ಮಾಡಿದರು. ಎಷ್ಟು ಪಡೆದದ್ದು, ಎಷ್ಟು ಕಟ್ಟಿದ್ದು, ಎಷ್ಟು ಬಾಕಿ. ಆ ಹಾಳೆಯನ್ನು ಗೋಡೆಗೆ ಅಂಟಿಸಿದರು. ಹಬ್ಬಕ್ಕೆ ಮಗ ಬಂದಾಗ ಅವನ ಕಾಲೇಜಿನ ಅರ್ಜಿಯನ್ನು ಪ್ರಿಂಟ್ ಮಾಡಿ ಕೊಟ್ಟದ್ದು ಅಮ್ಮನೇ.

ಈಗ ಅವರ ದಿನದ ಲೆಕ್ಕ ಹತ್ತು ಹಾಳೆಯಿಂದ ಇಪ್ಪತ್ತು ಹಾಳೆ. ಶಾಲೆ ಶುರುವಾಗುವ ತಿಂಗಳಲ್ಲಿ ಹೆಚ್ಚು, ಗದ್ದೆ ಕೆಲಸದ ತಿಂಗಳಲ್ಲಿ ಕಡಿಮೆ. ದೊಡ್ಡ ಲಾಭ ಏನೂ ಅಲ್ಲ. ಆದರೆ ಕಂತು ಯಂತ್ರದಿಂದಲೇ ಹುಟ್ಟುತ್ತಿದೆ. ಅದಕ್ಕಿಂತ ಹೆಚ್ಚಾಗಿ, ಪಕ್ಕದ ಸಂಘದ ಒಬ್ಬರು ಪ್ರಿಂಟರ್ ತಂದಾಗ ಜೊತೆಯಲ್ಲಿ ಕುಳಿತು ಹೇಳಿಕೊಟ್ಟದ್ದು ನಾವಲ್ಲ, ಅವರೇ.

ಮುಂದಿನ ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಸಂಘದ ಸಾಲದಲ್ಲಿ ತಂದ ಯಾವ ಯಂತ್ರವಾದರೂ ಬಳಕೆಯಾಗದೆ ಮಲಗಿದೆಯೇ? ಏಕೆ?
2. ಪ್ರಿಂಟರ್ ಕೊಂಡರೆ ನಮ್ಮ ಊರಿನಲ್ಲಿ ದಿನಕ್ಕೆ ಎಷ್ಟು ಹಾಳೆ ಕೆಲಸ ಸಿಗಬಹುದು? ಒಂದು ವಾರ ಬರೆದಿಟ್ಟು ನೋಡೋಣವೇ?
3. ಫೋನಿನಲ್ಲಿ ಮೋಸ ಹೋದವರು ನಮ್ಮಲ್ಲಿ ಇದ್ದರೆ ಅವರು ಧೈರ್ಯದಿಂದ ಹೇಳುವಂತೆ ನಾವು ನಡೆದುಕೊಳ್ಳುತ್ತಿದ್ದೇವೆಯೇ?
4. ಕಂಪ್ಯೂಟರ್ ತಿಳಿದ ಒಬ್ಬ ಸದಸ್ಯೆ ಇನ್ನಿಬ್ಬರಿಗೆ ಕಲಿಸುವ ಜವಾಬ್ದಾರಿ ಹೊರಬಹುದೇ?